ಎರಡನೆಯ ಸಲ ಕೇಳಿದ ಪ್ರಶ್ನೆ

ಕಳೆದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ, ಊಟದ ಎಲೆ ಎತ್ತಿದ ಮೇಲೆ, ಮೊಮ್ಮಗಳ ಮುಂದೆ ಒಂದೇ ಅಳತೆಯ ಎರಡು ಗಾಜಿನ ಲೋಟಗಳನ್ನಿಟ್ಟು ಎರಡಕ್ಕೂ ಸಮನಾಗಿ ಮಜ್ಜಿಗೆ ಸುರಿದೆ. ಅವಳಿಗೆ ಆಗ ಐದು ವರ್ಷ ಮೂರು ತಿಂಗಳು. ಎರಡರಲ್ಲೂ ಸಮ ಇದೆಯೇ ಎಂದು ಕೇಳಿದಾಗ ಅವಳು ನೆಲಕ್ಕೆ ಬಾಗಿ, ಕಣ್ಣನ್ನು ಮಜ್ಜಿಗೆಯ ಮಟ್ಟಕ್ಕೆ ತಂದು ನೋಡಿ, ಒಂದಕ್ಕೆ ಇನ್ನೂ ಎರಡು ಹನಿ ಹಾಕಿಸಿ, "ಈಗ ಸಮ" ಎಂದು ತೀರ್ಪು ಕೊಟ್ಟಳು. ಆಮೇಲೆ ಒಂದು ಲೋಟದ ಮಜ್ಜಿಗೆಯನ್ನು ಅವಳ ಕಣ್ಣೆದುರಿಗೇ ಶರಬತ್ತಿನ ಉದ್ದನೆಯ ಸಪೂರ ಗ್ಲಾಸಿಗೆ ಬಗ್ಗಿಸಿ, "ಈಗ?" ಎಂದೆ. ಅವಳು ಗ್ಲಾಸನ್ನು ಒಮ್ಮೆ ನೋಡಿದಳು, ನನ್ನ ಮುಖವನ್ನು ಎರಡು ಸಲ ನೋಡಿದಳು, ಮತ್ತೆ "ಇದ್ರಲ್ಲಿ ಜಾಸ್ತಿ" ಎಂದು ಉದ್ದನೆಯ ಗ್ಲಾಸನ್ನು ತೋರಿಸಿದಳು.

ನನಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಇಪ್ಪತ್ತಾರು ವರ್ಷ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಶೈಕ್ಷಣಿಕ ಮನೋವಿಜ್ಞಾನವನ್ನು ಪಾಠ ಮಾಡಿ ನಿವೃತ್ತನಾದವನು ನಾನು; ಅಷ್ಟು ವರ್ಷವೂ ಕಪ್ಪುಹಲಗೆಯ ಮೇಲೆ, ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ವಿವರಿಸಿದ ಮನೋವಿಜ್ಞಾನಿ ಪಿಯಾಜೆಯ ನಾಲ್ಕು ಹಂತಗಳ ಕೋಷ್ಟಕವನ್ನು ಬರೆದು, ಎರಡರಿಂದ ಏಳು ವರ್ಷದ ಮಗು ಪಾತ್ರೆಯ ಆಕಾರ ಬದಲಾದರೆ ಒಳಗಿನ ನೀರೂ ಹೆಚ್ಚು ಕಡಿಮೆಯಾಯಿತೆಂದು ತಿಳಿಯುತ್ತದೆ ಎಂದು ಹೇಳಿದ್ದೆನೇ ಹೊರತು, ಒಂದು ಮಗುವಿನ ಮುಂದೆ ಕೂತು ಒಂದು ಲೋಟ ನೀರನ್ನೂ ಬಗ್ಗಿಸಿ ನೋಡಿರಲಿಲ್ಲ. ಪುಸ್ತಕದಲ್ಲಿದ್ದದ್ದು ನನ್ನ ನಡುಮನೆಯಲ್ಲೇ ನಿಜವಾಯಿತೆಂಬ ಖುಷಿ ಅದು. ಆದರೆ ಮಗು ಆ ಮಜ್ಜಿಗೆಯನ್ನು ಅರ್ಧ ಕುಡಿದು, ಮೇಲ್ದುಟಿಯ ಬಿಳಿ ಮೀಸೆಯನ್ನು ಒರೆಸಿಕೊಳ್ಳುತ್ತ, "ತಾತ, ನಾನು ಮೊದ್ಲು ಸಮ ಅಂದಿದ್ನಲ್ಲ. ನೀನು ಮತ್ತೆ ಕೇಳಿದ್ಯಲ್ಲ, ಅದಕ್ಕೆ ಬೇರೆ ಹೇಳ್ದೆ" ಎಂದಳು.

ಕೋಷ್ಟಕದಲ್ಲಿ ಈ ಉತ್ತರಕ್ಕೆ ಮನೆ ಇರಲಿಲ್ಲ. ಅಂದಿನಿಂದ ನಾನು ಕಲಿಸಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದು ಬಿಸಿಲಿಗೆ ಹಾಕುತ್ತಿದ್ದೇನೆ. ಈ ಬರಹ ಅದರಲ್ಲಿ ಒಂದು ಭಾಗ.

ನಮ್ಮ ಕಡೆ ಮನೋವಿಜ್ಞಾನವನ್ನು ಕಲಿಯುವುದೇ ಪರೀಕ್ಷೆಗಾಗಿ. ಪ್ರಾಥಮಿಕ ಶಾಲೆಯ ಶಿಕ್ಷಕರ ಅರ್ಹತಾ ಪರೀಕ್ಷೆಯ 150 ಅಂಕಗಳಲ್ಲಿ 30 ಅಂಕ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ ಮೀಸಲು. ಸಂವೇದನಾ ಗತಿ, ಪೂರ್ವ ಕಾರ್ಯಾತ್ಮಕ, ಮೂರ್ತ ಕಾರ್ಯಾತ್ಮಕ, ಔಪಚಾರಿಕ ಕಾರ್ಯಾತ್ಮಕ ಎಂಬ ನಾಲ್ಕು ಹಂತಗಳನ್ನು ನನ್ನ ವಿದ್ಯಾರ್ಥಿಗಳು "ಸಂ-ಪೂ-ಮೂ-ಔ" ಎಂದು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಿದ್ದರು, ಹಾಗೆ ಮಾಡಿರೆಂದು ಹೇಳಿಕೊಟ್ಟವನೂ ನಾನೇ. ಬೆಳವಣಿಗೆ ಎಂದರೆ ಎತ್ತರ, ತೂಕ, ಅಳೆಯಬಹುದಾದದ್ದು. ವಿಕಾಸ ಎಂದರೆ ಗುಣದಲ್ಲಾಗುವ ಬದಲಾವಣೆ, ಸುಲಭವಾಗಿ ಅಳೆಯಲಾಗದ್ದು ಎಂಬ ವ್ಯತ್ಯಾಸವನ್ನು ಮೊದಲ ದಿನವೇ ಬರೆಸಿ, ಎರಡನೆಯ ದಿನದಿಂದ ವಿಕಾಸವನ್ನೂ ವಯಸ್ಸಿನ ಗೆರೆ ಎಳೆದು ಅಳೆಯುವುದಕ್ಕೆ ಶುರುಮಾಡುತ್ತಿದ್ದೆವು.

ಜೀನ್ ಪಿಯಾಜೆ ಅಂಥ ಗೆರೆ ಎಳೆಯಲು ಹೊರಟವನಲ್ಲ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ 1896ರಲ್ಲಿ ಹುಟ್ಟಿದ ಈತ ಬಾಲ್ಯದಲ್ಲೇ ಒಂದು ಬಿಳಿ ಗುಬ್ಬಚ್ಚಿಯನ್ನು ಕಂಡು ಅದರ ಬಗ್ಗೆ ಪುಟ್ಟ ಟಿಪ್ಪಣಿ ಪ್ರಕಟಿಸಿದವನು, ಮುಂದೆ ಬಸವನಹುಳುವಿನ ಜಾತಿಯ ಮೃದ್ವಂಗಿಗಳ ಮೇಲೆ ಡಾಕ್ಟರೇಟ್ ಪಡೆದವನು. 1919ರ ಹೊತ್ತಿಗೆ ಪ್ಯಾರಿಸ್ಸಿಗೆ ಹೋದಾಗ ಸಿಕ್ಕ ಕೆಲಸ ಬಹಳ ಬೇಸರದ್ದು. ಬುದ್ಧಿಮಾಪನದ ಪಿತಾಮಹ ಆಲ್ಫ್ರೆಡ್ ಬಿನೆ ಆಗಲೇ ತೀರಿಕೊಂಡಿದ್ದ. ಅವನ ಜೊತೆಗಾರ ಸಿಮೋನ್, ಇಂಗ್ಲೆಂಡಿನಲ್ಲಿ ತಯಾರಾದ ತರ್ಕದ ಪ್ರಶ್ನೆಗಳನ್ನು ಪ್ಯಾರಿಸ್ಸಿನ ಮಕ್ಕಳಿಗೆ ಹೊಂದಿಸುವ ಕೆಲಸವನ್ನು ಈ ಹುಡುಗನಿಗೆ ವಹಿಸಿದ. ಎಷ್ಟು ಮಕ್ಕಳು ಸರಿ ಹೇಳಿದರೆಂದು ಎಣಿಸುತ್ತಾ ಹೋಗುವುದಷ್ಟೇ ಕೆಲಸ. ಎಣಿಸುತ್ತ ಎಣಿಸುತ್ತ ಪಿಯಾಜೆಯ ಗಮನ ತಪ್ಪು ಉತ್ತರಗಳ ಕಡೆ ಜಾರಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಆ ತಪ್ಪಿಗೆ ತನ್ನದೇ ಆದ ತರ್ಕವಿತ್ತು. "ಯಾಕೆ ಹಾಗೆ ಅಂದೆ?" ಎಂದು ಅವನು ಮಕ್ಕಳನ್ನು ಕೇಳತೊಡಗಿದ. ಅವನ ಇಡೀ ಸಿದ್ಧಾಂತ ಮೊಳೆತದ್ದು ಆ "ಯಾಕೆ"ಯಿಂದ.

ಬಿನೆಯ ಬುದ್ಧಿಮಾಪನ ಪರೀಕ್ಷೆಗೆ ನಮ್ಮ ನೆಲದಲ್ಲೂ ಒಂದು ಕವಲಿದೆ. ಮುಂಬಯಿ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಧಾರವಾಡದ ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಅದನ್ನು ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಬುದ್ಧಿಮಟ್ಟದ ಪ್ರಮಾಣಪತ್ರ ಬೇಕಾದಲ್ಲೆಲ್ಲ ಬಹುಕಾಲ ಬಳಕೆಯಲ್ಲಿ ಉಳಿಯಿತು. ಆ ಕಾಲಕ್ಕೆ ಅದು ದೊಡ್ಡ ಕೆಲಸ, ಪರದೇಶದ ಪ್ರಶ್ನೆಗಳನ್ನು ನಮ್ಮ ಮಕ್ಕಳ ಬಾಯಿಗೆ ಹಿಡಿಸುವಂತೆ ಮಾಡುವುದು ಸುಮ್ಮನೆ ಆಗುವ ಮಾತಲ್ಲ. ಆದರೆ ನನಗೆ ಅನ್ನಿಸುವುದಿಷ್ಟು: ಒಂದೇ ಬಗೆಯ ಪ್ರಶ್ನೆಪತ್ರಿಕೆಗಳಿಂದ ಎರಡು ದಾರಿ ಹೊರಟವು, ಒಂದು ಸರಿ ಉತ್ತರಗಳನ್ನು ಎಣಿಸುವ ದಾರಿ, ಇನ್ನೊಂದು ತಪ್ಪು ಉತ್ತರದ ಹತ್ತಿರ ಕೂತು ವಿಚಾರಿಸುವ ದಾರಿ. ನಮ್ಮ ಶಾಲೆಗಳು ಮೊದಲನೆಯದನ್ನು ಹಿಡಿದವು, ಎರಡನೆಯದನ್ನು ಪಠ್ಯವಾಗಿಸಿ ಅದರ ಮೇಲೂ ಸರಿ ಉತ್ತರದ ಪ್ರಶ್ನೆ ಕೇಳಿದವು.

ಪಿಯಾಜೆಯನ್ನು ಕೋಷ್ಟಕದಿಂದ ಬಿಡಿಸಿ ನೋಡಬೇಕೆಂದರೆ ಅವನು ತನ್ನ ಮೂವರು ಮಕ್ಕಳ ಬಗ್ಗೆ ಬರೆದಿಟ್ಟ ಟಿಪ್ಪಣಿಗಳನ್ನು ನೋಡಬೇಕು. ಎರಡನೆಯ ಮಗಳು ಲೂಸಿಯೆನ್‌ಗೆ ಒಂದು ವರ್ಷ ನಾಲ್ಕು ತಿಂಗಳಾಗಿದ್ದಾಗ, ಗಡಿಯಾರದ ಸರಪಣಿಯೊಂದನ್ನು ಬೆಂಕಿಪೆಟ್ಟಿಗೆಯೊಳಗಿಟ್ಟು, ಬೆರಳು ತೂರದಷ್ಟು ಸಣ್ಣ ಸಂದಿ ಉಳಿಸಿ ಅವಳ ಕೈಗೆ ಕೊಟ್ಟ. ಮಗು ಬೋರಲು ಹಾಕಿತು, ಬೆರಳು ತೂರಿಸಿತು, ಆಗಲಿಲ್ಲ. ಆಗ ಆ ಸಂದಿಯನ್ನೇ ದಿಟ್ಟಿಸುತ್ತ ತನ್ನ ಬಾಯಿಯನ್ನು ತೆರೆಯಿತು, ಮುಚ್ಚಿತು, ಮತ್ತೆ ಇನ್ನಷ್ಟು ಅಗಲವಾಗಿ ತೆರೆಯಿತು. ಆಮೇಲೆ ತಡವರಿಸದೆ ಸಂದಿಗೆ ಬೆರಳಿಟ್ಟು ಪೆಟ್ಟಿಗೆಯನ್ನು ಎಳೆದು ಸರಪಣಿಯನ್ನು ತೆಗೆದುಕೊಂಡಿತು. "ಈ ಸಂದಿ ಅಗಲವಾಗಬೇಕು" ಎಂದು ಯೋಚಿಸಲು ಮಾತಿಲ್ಲದ ಕೂಸು ಬಾಯಿಯಿಂದ ಯೋಚಿಸಿತು. ಸಂವೇದನಾ ಗತಿ ಹಂತದ ಕೊನೆಯಲ್ಲಿ ಮಾನಸಿಕ ಪ್ರತಿಮೆಗಳು ಮೂಡುತ್ತವೆ ಎಂದು ನಾನು ವರ್ಷವರ್ಷವೂ ಬರೆಸಿದ ವಾಕ್ಯದ ಹಿಂದೆ ಇರುವುದು ಈ ಬಾಯಿ. ತರಗತಿಯಲ್ಲಿ ಅದನ್ನೊಮ್ಮೆಯೂ ಹೇಳಲಿಲ್ಲ, ಪರೀಕ್ಷೆಗೆ ಬರುತ್ತಿರಲಿಲ್ಲ.

ನನ್ನ ಮೊಮ್ಮಗಳ ಆಕ್ಷೇಪಣೆಯೂ ಹೊಸದಲ್ಲ ಎಂಬುದು ಆಮೇಲೆ ನೆನಪಾಯಿತು. 1974ರಲ್ಲಿ ಅಮೆರಿಕದ ಸೂಸನ್ ರೋಸ್ ಮತ್ತು ಮೇರಿಯನ್ ಬ್ಲಾಂಕ್ ಅವರು ಪಿಯಾಜೆಯ ಪ್ರಯೋಗವನ್ನೇ ಮಾಡಿ, ಮೊದಲಿನ ಪ್ರಶ್ನೆಯನ್ನು ಕೈಬಿಟ್ಟು, ಬದಲಾವಣೆ ಆದ ಮೇಲೆ ಒಂದೇ ಸಲ ಕೇಳಿ ನೋಡಿದರು. ಸರಿ ಹೇಳುವ ಮಕ್ಕಳು ಹೆಚ್ಚಾದರು. ದೊಡ್ಡವರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಮೊದಲು ಹೇಳಿದ್ದು ತಪ್ಪಾಗಿದೆ ಎಂದೇ ಅರ್ಥ, ಇದು ಯಾವ ಊರಿನ ಒಂದನೇ ತರಗತಿಯ ಮಗುವಿಗೂ ಗೊತ್ತು. ಸುಮಾರು ಅದೇ ಕಾಲಕ್ಕೆ ಸ್ಕಾಟ್ಲೆಂಡಿನಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮ್ಯಾಕ್‌ಗ್ಯಾರಿಗಲ್ ಎಂಬಿಬ್ಬರು ಇನ್ನೂ ಚಂದದ ಉಪಾಯ ಹೂಡಿದರು. ಎರಡು ಸಾಲಿನಲ್ಲಿ ಸಮನಾಗಿ ಬಿಲ್ಲೆಗಳನ್ನು ಜೋಡಿಸಿ, ಒಂದು ಸಾಲನ್ನು ಪ್ರಯೋಗ ಮಾಡುವವರು ಗಂಭೀರವಾಗಿ ಹಿಗ್ಗಿಸುವ ಬದಲು, ಪೆಟ್ಟಿಗೆಯಿಂದ ಒಂದು ತುಂಟ ಕರಡಿಬೊಂಬೆ ಜಿಗಿದು ಬಂದು ಆಟ ಕೆಡಿಸುವಂತೆ ಮಾಡಿದರು. ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಬಹುಪಾಲು ಮಕ್ಕಳು ಈಗ ಎರಡೂ ಸಾಲಿನಲ್ಲಿ ಸಮ ಇದೆ ಎಂದರು; ಮೇಷ್ಟರು ಸಾಲನ್ನು ಹಿಗ್ಗಿಸಿದಾಗ ಹೀಗೆ ಹೇಳಿದವರು ತೀರ ಕಡಿಮೆ. ಮೇಷ್ಟರು ಮಾಡಿದರೆ ಅದಕ್ಕೇನೋ ಅರ್ಥವಿರಬೇಕು, ಕರಡಿ ಮಾಡಿದರೆ ಅದು ಬರೀ ತುಂಟತನ. ಮಗು ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ, ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡುತ್ತಿತ್ತು.

ಹಾಗೆಂದು ಪಿಯಾಜೆ ಪೂರ್ತಿ ಸೋತನೆಂದು ನಾನು ಹೇಳುವುದಿಲ್ಲ. ಮೂರು ವರ್ಷದ ಮಗುವಿಗೆ ಎಷ್ಟು ಕರಡಿ ತಂದರೂ ಕೆಲವು ವಿಷಯಗಳು ತಲೆಗೆ ಹೋಗುವುದಿಲ್ಲ, ಎಂಟು ವರ್ಷಕ್ಕೆ ಅವೇ ವಿಷಯಗಳು ಯಾರೂ ಹೇಳಿಕೊಡದೆ ಹೊಳೆಯುತ್ತವೆ. ಮಗುವಿನ ತಲೆ ದೊಡ್ಡವರ ತಲೆಯ ಸಣ್ಣ ಪ್ರತಿಯಲ್ಲ ಎಂಬ ಅವನ ಮಾತು ನಿಂತಿದೆ. ಕದಲಿದ್ದು ವಯಸ್ಸಿನ ಗೆರೆಗಳು.

ಸೋವಿಯತ್ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ಹುಟ್ಟಿದ್ದೂ 1896ರಲ್ಲೇ, ಇಂದಿನ ಬೆಲಾರೂಸ್‌ನ ಓರ್ಷಾದಲ್ಲಿ. ಪಿಯಾಜೆಗೆ ಎಂಬತ್ತಕ್ಕೂ ಹೆಚ್ಚು ವರ್ಷದ ಆಯುಷ್ಯ ಸಿಕ್ಕಿತು, ಇವನನ್ನು ಕ್ಷಯ 37ರ ವಯಸ್ಸಿನಲ್ಲಿ, 1934ರಲ್ಲಿ ಒಯ್ದಿತು. ಸ್ಟಾಲಿನ್ ಕಾಲದ ಸೋವಿಯತ್ ಆಡಳಿತ 1936ರಲ್ಲಿ ಮಕ್ಕಳ ಅಧ್ಯಯನದ ಒಂದು ಇಡೀ ಶಾಸ್ತ್ರವನ್ನೇ ನಿಷೇಧಿಸಿದಾಗ ಇವನ ಬರಹಗಳೂ ಕತ್ತಲೆಗೆ ಸರಿದವು. ಇವನ ಮುಖ್ಯ ಪುಸ್ತಕ ಇಂಗ್ಲಿಷಿಗೆ ಬಂದದ್ದು 1962ರಲ್ಲಿ. ಆಗ ಪಿಯಾಜೆ, ತನ್ನನ್ನು ಮೂವತ್ತು ವರ್ಷಗಳ ಹಿಂದೆ ಟೀಕಿಸಿ ತೀರಿಹೋಗಿದ್ದ ಸಮವಯಸ್ಕನಿಗೆ ಟಿಪ್ಪಣಿಯ ರೂಪದಲ್ಲಿ ಉತ್ತರ ಬರೆದ. ಕೇಳಬೇಕಾದವನು ಇರಲಿಲ್ಲ. ಮನೋವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಮನ ಕಲಕುವ ಸಂಗತಿ ನನಗೆ ಬೇರೆ ಕಂಡಿಲ್ಲ.

ಅವರ ನಡುವಿನ ಜಗಳದ ಒಂದು ವಿಷಯ ಮಕ್ಕಳು ತಮ್ಮಷ್ಟಕ್ಕೇ ಆಡುವ ಮಾತು. ಇನ್ನೊಬ್ಬರ ದೃಷ್ಟಿಯನ್ನು ಅರಿಯಲಾರದ ಮಗುವಿನ ಸ್ವಕೇಂದ್ರಿತ ಮಾತು ಅದು, ಬೆಳೆದಂತೆ ಬತ್ತಿಹೋಗುತ್ತದೆ ಎಂದು ಪಿಯಾಜೆ ಬರೆದಿದ್ದ. ಬತ್ತುವುದಿಲ್ಲ, ಒಳಗಿಳಿಯುತ್ತದೆ ಎಂದ ವೈಗೋಟ್‌ಸ್ಕಿ. ಮೊದಲು ದೊಡ್ಡವರು ಹೊರಗಿನಿಂದ ಆಡಿದ ಮಾತನ್ನು ಮಗು ತನ್ನ ಬಾಯಿಗೆ ತಂದುಕೊಂಡು ಕೈಯನ್ನು ನಡೆಸುತ್ತದೆ, ಆಮೇಲೆ ಆ ಮಾತೇ ಸದ್ದು ಕಳೆದುಕೊಂಡು ಯೋಚನೆಯಾಗುತ್ತದೆ. ನಮ್ಮ ಮನೆಯಂಗಳದಲ್ಲಿ ಇದು ದಿನಾ ಬೆಳಿಗ್ಗೆ ನಡೆಯುತ್ತದೆ. ನನ್ನ ತಾಯಿಗೆ ಈಗ ಎಂಬತ್ತೈದು. ಅವರು ನನ್ನ ಮೊಮ್ಮಗಳ ಬೆರಳ ನಡುವೆ ರಂಗೋಲಿ ಪುಡಿ ಹಿಡಿಸಿ, "ಚುಕ್ಕಿ ಮುಟ್ಟಬೇಡ, ಸುತ್ತಿ ಬಾ, ಸುತ್ತಿ ಬಾ, ಹಾಂ, ಈಗ ಕೆಳಗೆ" ಎನ್ನುತ್ತಿದ್ದರು. ಹದಿನೈದು ದಿನದ ಮೇಲೆ ಅವರು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾಗ, ಹುಡುಗಿ ಒಬ್ಬಳೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ ತಾಯಿಯ ರಾಗದಲ್ಲೇ, ಅವರು ಉಸಿರೆಳೆದುಕೊಳ್ಳುವ ಜಾಗದಲ್ಲಿ ತಾನೂ ಉಸಿರೆಳೆದುಕೊಂಡು, "ಚುಕ್ಕಿ ಮುಟ್ಟಬೇಡ, ಸುತ್ತಿ ಬಾ" ಎಂದು ತನಗೇ ಹೇಳಿಕೊಳ್ಳುತ್ತಿದ್ದಳು. ಮಗು ಒಬ್ಬಂಟಿಯಾಗಿ ಮಾಡಲಾರದ, ಆದರೆ ಬಲ್ಲವರ ಜೊತೆಗೆ ಮಾಡಬಲ್ಲ ಕೆಲಸಗಳ ವಲಯದಲ್ಲೇ ಕಲಿಕೆ ನಡೆಯುತ್ತದೆ ಎಂಬ ವೈಗೋಟ್‌ಸ್ಕಿಯ ಸಿದ್ಧಾಂತಕ್ಕೆ ನಾನು ಬರೆಸುತ್ತಿದ್ದ ಅನುವಾದ "ಸಮೀಪ ವಿಕಾಸ ವಲಯ". ಅದು ಹಾಗೆ ಕಲ್ಲಿನಂತೆ ಕೂತಿರುತ್ತಿತ್ತು. ಅದಕ್ಕೆ ಅಂಗಳ ಎಂಬ ಹೆಸರಿಟ್ಟಿದ್ದರೆ ವಿದ್ಯಾರ್ಥಿಗಳಿಗೆ ಬೇಗ ತಿಳಿಯುತ್ತಿತ್ತೇನೋ.

ಈ ಇಬ್ಬರಿಗಿಂತ ಹಳೆಯ ವಿಕಾಸ ಸಿದ್ಧಾಂತಗಳು ನಮ್ಮ ಗಾದೆಗಳಲ್ಲಿವೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎನ್ನುವುದು ಕಲಿಕೆಯ ವಯಸ್ಸಿನ ಬಗ್ಗೆ, "ಹುಟ್ಟು ಗುಣ ಸುಟ್ಟರೂ ಹೋಗದು" ಎನ್ನುವುದು ಅನುವಂಶೀಯತೆಯ ಬಗ್ಗೆ. "ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ" ಎನ್ನುವುದಂತೂ ಫ್ರಾಯ್ಡ್‌ನಿಂದ ಬೌಲ್ಬಿಯವರೆಗೆ ಪಶ್ಚಿಮದ ಮನೋವಿಜ್ಞಾನ ಅರ್ಧ ಶತಮಾನ ಕೂತು ಬರೆದ ಮಾತು. ಇಂಗ್ಲೆಂಡಿನ ಜಾನ್ ಬೌಲ್ಬಿ, ಎರಡನೆಯ ಮಹಾಯುದ್ಧದಲ್ಲಿ ಮನೆ ಕಳೆದುಕೊಂಡ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ 1951ರಲ್ಲಿ ವರದಿ ಕೊಟ್ಟು, ಕೂಸಿಗೆ ಹಾಲಿನಷ್ಟೇ ಅಗತ್ಯ ಒಬ್ಬರ ಎಡೆಬಿಡದ ಅಕ್ಕರೆ ಎಂದ. ಆ ಮಾತಿನಿಂದ ಆಸ್ಪತ್ರೆಗಳ ಬಾಗಿಲು ತೆರೆದವು. ಅದಕ್ಕೆ ಮೊದಲು ಆಸ್ಪತ್ರೆಯಲ್ಲಿ ಮಲಗಿದ ಮಗುವನ್ನು ತಾಯಿ ವಾರಕ್ಕೊಮ್ಮೆ ನೋಡುವ ನಿಯಮಗಳಿದ್ದವು ಎಂದರೆ ಇಂದು ನಂಬುವುದು ಕಷ್ಟ. ಆದರೆ ಅದೇ ಮಾತು ಕೆಲಸಕ್ಕೆ ಹೋಗುವ ತಾಯಂದಿರ ತಲೆಯ ಮೇಲೆ ಕಲ್ಲಾಗಿಯೂ ಕೂತಿತು. ನನ್ನ ಮಗಳು ಕೂಸಿಗೆ ಏಳು ತಿಂಗಳಾದಾಗ ಕೆಲಸಕ್ಕೆ ಮರಳಿದಳು. ಪೋಷಕರ ಸಭೆಯೊಂದರಲ್ಲಿ ಉಪನ್ಯಾಸಕರೊಬ್ಬರು ಮೊದಲ ಮೂರು ವರ್ಷ ತಾಯಿ ಪಕ್ಕದಲ್ಲಿಲ್ಲದ ಮಗುವಿನ ಮನಸ್ಸು ಜೀವಮಾನವಿಡೀ ಸರಿಹೋಗದು ಎಂದು ನಿಂತು ಹೇಳಿದ್ದನ್ನು ಕೇಳಿ ಬಂದು ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಆ ಉಪನ್ಯಾಸಕರು ಹೇಳಿದ ಮಾತನ್ನು ಸ್ವಲ್ಪ ಮೃದುವಾಗಿ ನಾನೂ ಎಷ್ಟೋ ತರಗತಿಗಳಲ್ಲಿ ಹೇಳಿದ್ದೆ.

ಹೇಳದೆ ಬಿಟ್ಟದ್ದು ಬೇರೆ ಇತ್ತು. ಬೌಲ್ಬಿಯ ಸಿದ್ಧಾಂತಕ್ಕೆ ಕಣ್ಣು ಕೊಟ್ಟವರು ಮೇರಿ ಐನ್ಸ್‌ವರ್ತ್, ಅವರು ಮೊದಲು ಕೂತು ನೋಡಿದ್ದು 1954-55ರಲ್ಲಿ ಉಗಾಂಡಾದ ಕಂಪಾಲಾ ಸುತ್ತಲಿನ ಹಳ್ಳಿಗಳ 26 ಕುಟುಂಬಗಳನ್ನು. ಅಲ್ಲಿನ ಕೂಸು ಹಲವರ ತೋಳಿನಲ್ಲಿ ಬೆಳೆಯುತ್ತಿತ್ತು, ಆದರೂ ತಾಯಿಯನ್ನು ತನ್ನ ಠಾಣೆ ಮಾಡಿಕೊಂಡು, ಅಲ್ಲಿಂದ ಅಂಬೆಗಾಲಿಟ್ಟು ಲೋಕ ನೋಡಿ ಮರಳಿ ಬರುತ್ತಿತ್ತು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅವರು ರೂಪಿಸಿದ ಪ್ರಯೋಗ ಪ್ರಸಿದ್ಧವಾಯಿತು: ಅಪರಿಚಿತ ಕೋಣೆಯಲ್ಲಿ ಕೂಸನ್ನು ಕೆಲವು ನಿಮಿಷ ಬಿಟ್ಟುಹೋಗಿ, ತಾಯಿ ಮರಳಿದಾಗ ಅದು ಏನು ಮಾಡುತ್ತದೆ ಎಂದು ನೋಡುವುದು. ಜಪಾನಿನಲ್ಲಿ ಇದನ್ನೇ ಮಾಡಿದಾಗ ಕೂಸುಗಳು ಅತ್ತು ರಂಪ ಮಾಡಿದವು, ಏಕೆಂದರೆ ಅಲ್ಲಿ ಕೂಸನ್ನು ಹಾಗೆ ಒಂಟಿಯಾಗಿ ಬಿಡುವ ರೂಢಿಯೇ ಕಡಿಮೆ. ಉತ್ತರ ಜರ್ಮನಿಯಲ್ಲಿ ಮಾಡಿದಾಗ ಬಹಳಷ್ಟು ಕೂಸುಗಳು ತಾಯಿ ಬಂದರೂ ತಿರುಗಿ ನೋಡಲಿಲ್ಲ, ಏಕೆಂದರೆ ಬೇಗ ಸ್ವಾವಲಂಬಿಯಾಗುವುದನ್ನು ಅಲ್ಲಿ ಗುಣವೆಂದು ಎಣಿಸುತ್ತಿದ್ದರು. ಒಂದು ಕೋಣೆಯ ಅಳತೆಗೋಲಿನಲ್ಲಿ ಇವೆಲ್ಲ ದೋಷಗಳಾಗಿ ಕಂಡವು.

ಗಾದೆಯ ನೂರು ವರ್ಷದ ಭಾಗಕ್ಕೂ ಸಾಕ್ಷಿ ಪೂರ್ತಿ ಒದಗಲಿಲ್ಲ. 1989ರಲ್ಲಿ ಚೌಶೆಸ್ಕು ಆಡಳಿತ ಬಿದ್ದ ಮೇಲೆ ರೊಮೇನಿಯಾದ ಅನಾಥಾಲಯಗಳಿಂದ ಇಂಗ್ಲೆಂಡಿಗೆ ದತ್ತು ಬಂದ ಮಕ್ಕಳನ್ನು ಮೈಕೆಲ್ ರಟರ್ ಮತ್ತು ಸಂಗಡಿಗರು ದೊಡ್ಡವರಾಗುವ ತನಕ ಹಿಂಬಾಲಿಸಿ ನೋಡಿದರು. ಆರು ತಿಂಗಳೊಳಗೆ ಬಂದವರು ಬಹುಮಟ್ಟಿಗೆ ಉಳಿದ ಮಕ್ಕಳಂತೆಯೇ ಬೆಳೆದರು, ಅದಕ್ಕಿಂತ ಹೆಚ್ಚು ಕಾಲ ಆ ಕಬ್ಬಿಣದ ತೊಟ್ಟಿಲುಗಳಲ್ಲಿ ಇದ್ದವರಲ್ಲಿ ಹಲವರಿಗೆ ತೊಂದರೆಗಳು ಉಳಿದವು, ಅವರಲ್ಲೂ ಕೆಲವರು ನೆಟ್ಟಗೆ ಎದ್ದು ನಿಂತರು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ದಶಕಗಳ ಕಾಲ ಗಮನಿಸಿದಾಗ, ಬಡತನ, ಕುಡಿತ, ಜಗಳಗಳ ನಡುವೆ ಹುಟ್ಟಿದ ಮಕ್ಕಳಲ್ಲಿ ಮೂರರಲ್ಲೊಬ್ಬರು ಯಾರೂ ಬೆರಳು ತೋರದಂಥ ಬಾಳು ಕಟ್ಟಿಕೊಂಡದ್ದು ಕಂಡುಬಂತು. ಅಂಥವರ ಹಿಂದೆ ಒಬ್ಬ ಅಜ್ಜಿಯೋ, ಅತ್ತೆಯೋ, ಮೇಷ್ಟರೋ ಇರುತ್ತಿದ್ದರು. ಮಗಳಿಗೆ ಇದನ್ನು ಆ ರಾತ್ರಿಯೇ ಹೇಳಬಹುದಿತ್ತು. ನನಗೆ ಆಗ ಹೊಳೆಯಲಿಲ್ಲ, ಬಿಸಿನೀರು ಕಾಯಿಸಿ ಕೊಟ್ಟೆನಷ್ಟೆ.

ಇನ್ನು ನೀತಿಯ ವಿಕಾಸ. ಲಾರೆನ್ಸ್ ಕೋಲ್‌ಬರ್ಗ್ 1958ರಲ್ಲಿ ಶಿಕಾಗೊ ಸುತ್ತಲಿನ 72 ಹುಡುಗರಿಗೆ ಕತೆಗಳನ್ನು ಹೇಳಿ, ಅವರ ಉತ್ತರಗಳಿಂದ ಆರು ಮೆಟ್ಟಿಲು ಕಟ್ಟಿದ. ಹುಡುಗರಷ್ಟೇ, ಹುಡುಗಿಯರು ಎಲ್ಲಿ ಎಂದು ಕ್ಯಾರಲ್ ಗಿಲಿಗನ್ 1982ರಲ್ಲಿ ಕೇಳಿ ಗದ್ದಲವೆಬ್ಬಿಸಿದರು. ಸಾಯುತ್ತಿರುವ ಹೆಂಡತಿಗೆ ಬೇಕಾದ ಔಷಧಿಗೆ ಅಂಗಡಿಯವನು ವಿಪರೀತ ಬೆಲೆ ಹೇಳಿದಾಗ ಹೈನ್ಸ್ ಎಂಬ ಗಂಡ ಅದನ್ನು ಕದಿಯಬಹುದೇ ಎಂಬುದು ಕೋಲ್‌ಬರ್ಗನ ಪ್ರಸಿದ್ಧ ಕತೆ. ನಾನು ತರಗತಿಯಲ್ಲಿ ಇದನ್ನು ಕೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದೇ ಬಗೆಯ ಮಾತು ಬರುತ್ತಿತ್ತು: "ಸಾರ್, ಅವನಿಗೆ ಭಾವಮೈದ ಯಾರೂ ಇಲ್ವಾ? ಊರಿನವರು ಚೀಟಿ ಎತ್ತಿ ಕೊಡಬಾರದಾ?" ತರಗತಿ ನಗುತ್ತಿತ್ತು, ನಾನು ಅವರನ್ನು ಕೋಲ್‌ಬರ್ಗನ ಮೂರನೆಯ ಮೆಟ್ಟಿಲಿನಲ್ಲಿ, ನಾಲ್ಕು ಜನ ಮೆಚ್ಚುವುದನ್ನೇ ಸರಿಯೆನ್ನುವವರ ಸಾಲಿನಲ್ಲಿ ಕೂರಿಸಿ ಮುಂದೆ ಹೋಗುತ್ತಿದ್ದೆ.

ಈ ಹಿಂದಿನ ಬೆಂಚಿನ ಮಾತನ್ನು ಗಂಭೀರವಾಗಿ ತೆಗೆದುಕೊಂಡವರು ಜೋನ್ ಮಿಲ್ಲರ್ ಎಂಬ ಅಮೆರಿಕದ ವಿದ್ವಾಂಸೆ, ಅದೂ ನಮ್ಮ ಮೈಸೂರಿನಲ್ಲಿ. (ಮೈಸೂರು ಈ ಶಾಸ್ತ್ರಕ್ಕೆ ಹೊಸದಲ್ಲ. 1924ರಲ್ಲೇ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ತೆರೆದಿತ್ತು. ಅದರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೊ ಕೇಂದ್ರ ಶುರುಮಾಡಿ ಅದನ್ನು ಆಕಾಶವಾಣಿ ಎಂದು ಕರೆದವರು.) ಮಿಲ್ಲರ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೈಸೂರು ಮತ್ತು ಶಿಕಾಗೊದ ಮಕ್ಕಳಿಗೂ ದೊಡ್ಡವರಿಗೂ, ನಿಮಗೆ ಗೊತ್ತಿರುವವರು ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಯಾಕೆ ಮಾಡಿದರೆಂದೂ ಹೇಳಿ ಎಂದು ಕೇಳಿದರು. ಎಂಟು ವರ್ಷದ ಮಕ್ಕಳ ವಿವರಣೆ ಎರಡೂ ಊರಿನಲ್ಲಿ ಹೆಚ್ಚುಕಡಿಮೆ ಒಂದೇ ತರ. ವಯಸ್ಸು ಏರಿದಂತೆ ಶಿಕಾಗೊದವರು "ಅವನ ಸ್ವಭಾವವೇ ಹಾಗೆ" ಎನ್ನುತ್ತ ಹೋದರು, ಮೈಸೂರಿನವರು "ಅವನ ಪರಿಸ್ಥಿತಿ ಹಾಗಿತ್ತು, ಮನೆಯಲ್ಲಿ ಹೀಗಿತ್ತು" ಎನ್ನುತ್ತ ಹೋದರು. ಮಕ್ಕಳು ಜೊತೆಯಾಗಿ ಹೊರಟು ದೊಡ್ಡವರಾಗುತ್ತ ಎರಡು ದಿಕ್ಕಿಗೆ ನಡೆದರು ಎಂದರೆ, ವಿಕಾಸವನ್ನು ಒಂದೇ ಏಣಿ ಎಂದು ಚಿತ್ರ ಬರೆದವರು ಏನು ಹೇಳಬೇಕು?

ಮಿಲ್ಲರ್ ಅವರ 1992ರ ಇನ್ನೊಂದು ಅಧ್ಯಯನದಲ್ಲಿ ಕೇಳಿದ ಕತೆ ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ನಡೆದಂತಿದೆ. ಆಪ್ತ ಗೆಳೆಯನ ಮದುವೆಗೆ ಉಂಗುರ ಹೊತ್ತು ಹೊರಟವನ ಪರ್ಸು ಕಳುವಾಗುತ್ತದೆ, ಯಾರೂ ಸಾಲ ಕೊಡುವುದಿಲ್ಲ, ಪಕ್ಕದವನ ಕೋಟಿನ ಜೇಬಿನಲ್ಲಿ ರೈಲಿನ ಟಿಕೆಟ್ ಇಣುಕುತ್ತಿದೆ. ಅದನ್ನು ಎತ್ತಿಕೊಂಡಾದರೂ ಮದುವೆಗೆ ಮುಟ್ಟಬೇಕೇ? ಇಂಥ ಇಕ್ಕಟ್ಟುಗಳಲ್ಲಿ ಗೆಳೆಯನ ಕೆಲಸವೇ ಮುಖ್ಯ ಎಂದವರು ಅಮೆರಿಕನ್ನರಿಗಿಂತ ಮೈಸೂರಿನವರಲ್ಲಿ ಎರಡು ಪಟ್ಟಿಗೂ ಹೆಚ್ಚು. ಅಮೆರಿಕನ್ನರಿಗೆ ಗೆಳೆತನ ಅವರವರ ಇಷ್ಟಕ್ಕೆ ಬಿಟ್ಟದ್ದು, ಕದಿಯದಿರುವುದು ನೀತಿ. ನಮ್ಮವರಿಗೆ ಕೊಟ್ಟ ಮಾತು, ಹೊತ್ತ ಹೊಣೆ ಕೂಡ ನೀತಿಯೇ. ನನಗೆ ವೈಯಕ್ತಿಕವಾಗಿ ಇದು ಹೆಮ್ಮೆಪಡುವ ಸಂಗತಿಯೆಂದೇನೂ ಅನ್ನಿಸುವುದಿಲ್ಲ, ಕೋಟಿನ ಜೇಬಿನವನ ಗತಿ ಏನು ಎಂಬ ಪ್ರಶ್ನೆ ಉಳಿದೇ ಇದೆ, ನಮ್ಮ ಕಚೇರಿಗಳಲ್ಲಿ "ನಮ್ಮವನು" ಎಂಬ ಒಂದು ಮಾತಿಗೆ ಏನೇನು ನಡೆಯುತ್ತದೆ ಎಂಬುದೂ ಗೊತ್ತು. ಆದರೆ ಹಿಂದಿನ ಬೆಂಚಿನ ಹುಡುಗರನ್ನು ನಾನು ಕೆಳಗಿನ ಮೆಟ್ಟಿಲಿನಲ್ಲಿ ಕೂರಿಸಿದ್ದು ತಪ್ಪು; ಅವರು ಬೇರೆ ಮೆಟ್ಟಿಲು ಹತ್ತುತ್ತಿದ್ದರು.

ಎರಿಕ್ ಎರಿಕ್‌ಸನ್‌ನನ್ನು ಕೊನೆಗೆ ಉಳಿಸಿಕೊಂಡದ್ದು ಅವನು ಬದುಕಿನ ಕೊನೆಯನ್ನೂ ವಿಕಾಸದೊಳಕ್ಕೆ ತಂದ ಕಾರಣಕ್ಕೆ. ಅವನಿಗಿಂತ ಮೊದಲಿನ ಹೆಚ್ಚಿನವರಿಗೆ ಮನುಷ್ಯ ಹದಿನೆಂಟಕ್ಕೆ ತಯಾರಾಗಿ ಮುಗಿದ ಸರಕು. 1902ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿ, ತಂದೆ ಯಾರೆಂದು ಕೊನೆತನಕ ತಿಳಿಯದೆ, ಮಲತಂದೆಯ ಹೆಸರಿನಲ್ಲಿ ಬೆಳೆದು, ಅಮೆರಿಕದ ಪ್ರಜೆಯಾಗುವಾಗ ತನಗೆ ತಾನೇ ಹೆಸರಿಟ್ಟುಕೊಂಡವನು "ಅನನ್ಯತೆಯ ಬಿಕ್ಕಟ್ಟು" ಎಂಬ ಮಾತನ್ನು ಲೋಕಕ್ಕೆ ಕೊಟ್ಟದ್ದು ಸಹಜವೇ. ಪದವಿಯೊಂದೂ ಇಲ್ಲದೆ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕನಾದ. 1950ರಲ್ಲಿ ಅವನು ಮುಂದಿಟ್ಟ ಎಂಟು ಘಟ್ಟಗಳಲ್ಲಿ ಪ್ರತಿಯೊಂದೂ ಒಂದು ಜಗ್ಗಾಟ: ಕೂಸಿಗೆ ನಂಬಿಕೆ ಮತ್ತು ಅಪನಂಬಿಕೆಯ ನಡುವೆ, ನಡುವಯಸ್ಸಿನವರಿಗೆ ಮುಂದಿನ ಪೀಳಿಗೆಗೆ ಆಸರೆಯಾಗುವುದು ಮತ್ತು ನಿಂತ ನೀರಾಗುವುದರ ನಡುವೆ, ಮುಪ್ಪಿನಲ್ಲಿ ಬಾಳು ಒಟ್ಟಂದವಾಗಿ ಕಾಣುವುದು ಮತ್ತು ಹತಾಶೆಯ ನಡುವೆ.

1962ರಲ್ಲಿ ಜೀವನಚಕ್ರದ ಕುರಿತ ವಿಚಾರಸಂಕಿರಣಕ್ಕೆಂದು ಅಹಮದಾಬಾದಿಗೆ ಬಂದಾಗ 1918ರ ಗಿರಣಿ ಮುಷ್ಕರದ ನೆನಪು ಅವನನ್ನು ಹಿಡಿದುಕೊಂಡಿತು. ಗಿರಣಿಯ ಮಾಲೀಕ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಕಡೆ ಅವರ ಅಕ್ಕ ಅನಸೂಯಾ, ನಡುವೆ ನಲವತ್ತೆಂಟರ ಗಾಂಧಿ. ನಡುವಯಸ್ಸಿನ ಒಬ್ಬ ಮನುಷ್ಯ ಒಂದು ಇಡೀ ಜನಾಂಗಕ್ಕೆ ತಂದೆಯಾಗಲು ಹೊರಟಾಗ ಏನಾಗುತ್ತದೆ ಎಂಬುದನ್ನು ಹುಡುಕುತ್ತ ಅವನು ಬರೆದ ಗ್ರಂಥ 1969ರಲ್ಲಿ ಬಂತು, ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅದರ ನಡುವೆ ಬರೆಯುವುದನ್ನು ನಿಲ್ಲಿಸಿ ಅವನು ನೇರವಾಗಿ ಗಾಂಧಿಯವರಿಗೇ ಒಂದು ದೀರ್ಘ ಪತ್ರ ಬರೆಯುತ್ತಾನೆ: ಹತ್ತಿರದವರ ಮೇಲೆ, ಮನೆಯವರ ಮೇಲೆ ನೀವು ನಡೆಸಿದ ಹಿಂಸೆಯನ್ನು ನೀವು ಹಿಂಸೆಯೆಂದು ಒಪ್ಪಲಿಲ್ಲ ಎಂಬ ದೂರು ಅದರಲ್ಲಿದೆ. ಆ ದೂರನ್ನು ಓದುವಾಗ ಇನ್ನೊಂದು ಸಂಗತಿ ನನ್ನನ್ನು ಬಿಡುವುದಿಲ್ಲ. 1944ರಲ್ಲಿ ಎರಿಕ್‌ಸನ್‌ಗೆ ಡೌನ್ ಸಿಂಡ್ರೋಮ್ ಇರುವ ಮಗ ಹುಟ್ಟಿದ. ಮಗುವನ್ನು ಸಂಸ್ಥೆಯೊಂದಕ್ಕೆ ಸೇರಿಸಿ, ಉಳಿದ ಮಕ್ಕಳಿಗೆ ಅದು ಹುಟ್ಟುವಾಗಲೇ ತೀರಿಕೊಂಡಿತೆಂದು ಹೇಳಲಾಯಿತು. ಆರೋಗ್ಯವಂತ ಬಾಳಿನ ಎಂಟು ಘಟ್ಟಗಳನ್ನು ಅವನು ರೂಪಿಸಿದ್ದು ಅದರ ನಂತರದ ವರ್ಷಗಳಲ್ಲಿ. ಇದನ್ನು ಹೇಳಿ ಅವನನ್ನು ಕಟಕಟೆಗೆ ನಿಲ್ಲಿಸುವ ಉದ್ದೇಶ ನನಗಿಲ್ಲ, ಆ ಕಾಲದ ವೈದ್ಯರು ಹಾಗೆಯೇ ಸಲಹೆ ಕೊಡುತ್ತಿದ್ದರು. ಆದರೆ ಯಾವ ಘಟ್ಟದ ಪಟ್ಟಿಯನ್ನು ನೋಡಿದರೂ ಈಗ ನನ್ನ ಕಣ್ಣು ಅದರಿಂದ ಹೊರಗುಳಿದ ಮಗುವನ್ನು ಹುಡುಕುತ್ತದೆ.

ಎರಿಕ್‌ಸನ್‌ನ ಹೆಂಡತಿ ಜೋನ್, ತಮ್ಮ ತೊಂಬತ್ತರ ವಯಸ್ಸಿನಲ್ಲಿ, ಗಂಡ ತೀರಿಕೊಂಡ ಮೇಲೆ, ಒಂಬತ್ತನೆಯ ಘಟ್ಟವೊಂದನ್ನು ಸೇರಿಸಿದರು. ಅದು ಅಚ್ಚಾದದ್ದು 1997ರಲ್ಲಿ. ಎಂಬತ್ತು ದಾಟಿದ ಮೇಲೆ ಹಳೆಯ ಜಗ್ಗಾಟಗಳೆಲ್ಲ ಮರಳುತ್ತವೆ, ಆದರೆ ಈಗ ಅಪನಂಬಿಕೆ, ಸಂಕೋಚಗಳದ್ದೇ ಮೊದಲ ಪಾಳಿ ಎಂದರು. ನಡೆಯುವಾಗ ತನ್ನ ಕಾಲನ್ನೇ ತಾನು ನಂಬಲಾಗದ ನನ್ನ ತಾಯಿಯನ್ನು ನೋಡಿದಾಗ, ಬದುಕಿ ಬರೆದ ಸಿದ್ಧಾಂತ ಇದು ಎನ್ನಿಸುತ್ತದೆ. "ಅರವತ್ತಕ್ಕೆ ಅರಳು ಮರಳು" ಎಂದು ಅವಸರದಲ್ಲಿ ಮುಗಿಸಿಬಿಟ್ಟ ನಮ್ಮ ಗಾದೆ ಇಲ್ಲಿ ಏನನ್ನೂ ಹೇಳುವುದಿಲ್ಲ. ಜರ್ಮನಿಯ ಮನೋವಿಜ್ಞಾನಿ ಪಾಲ್ ಬಾಲ್ಟೆಸ್ ಮುಪ್ಪಿನ ಬಗ್ಗೆ ಹೇಳುವಾಗ ಪಿಯಾನೊ ವಾದಕ ರೂಬಿನ್‌ಸ್ಟೈನ್‌ನ ಉದಾಹರಣೆ ಕೊಡುತ್ತಿದ್ದ: ಎಂಬತ್ತರಲ್ಲೂ ಹೇಗೆ ನುಡಿಸುತ್ತೀರಿ ಎಂದರೆ, ಕಡಿಮೆ ಕೃತಿಗಳನ್ನು ಆರಿಸಿಕೊಳ್ಳುತ್ತೇನೆ, ಅವನ್ನೇ ಹೆಚ್ಚು ಸಾಧನೆ ಮಾಡುತ್ತೇನೆ, ವೇಗದ ಭಾಗಕ್ಕೆ ಮುಂಚೆ ಸ್ವಲ್ಪ ನಿಧಾನಿಸುತ್ತೇನೆ, ಆಗ ವೇಗ ಹೆಚ್ಚಾಗಿ ಕೇಳಿಸುತ್ತದೆ ಎಂದನಂತೆ. ನನ್ನ ತಾಯಿ ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಬಿಟ್ಟು ಏಳು ಚುಕ್ಕಿಗೆ ಇಳಿದಿದ್ದಾರೆ. ಎಳೆ ನಡುಗುವ ಕಡೆ ಅದನ್ನು ದಪ್ಪ ಮಾಡುತ್ತಾರೆ, ಬಾಗಲಾರದ ದಿನ ಮೊಮ್ಮಗಳಿಗೆ ಹೇಳಿ ಹಾಕಿಸುತ್ತಾರೆ.

ಈಚೆಗೆ ಅವರಿಗೆ ಮರೆವು. "ಶಾಲೆಗೆ ರಜೆಯೇನೇ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಹತ್ತು ನಿಮಿಷಕ್ಕೆ ಮತ್ತೆ ಕೇಳುತ್ತಾರೆ. ಹುಡುಗಿ ಪ್ರತಿ ಸಲವೂ ಅದೇ ಉತ್ತರವನ್ನು, ಅದೇ ದನಿಯಲ್ಲಿ, ಮೊದಲ ಸಲ ಹೇಳಿದಂತೆ ಹೇಳುತ್ತಾಳೆ. ಮೊನ್ನೆ ಭಾನುವಾರ ಮೂರನೆಯ ಸಲ ಆದ ಮೇಲೆ, ದೊಡ್ಡಜ್ಜಿ ಮತ್ತೆ ಕೇಳಿದಾಗ ನೀನು ಉತ್ತರ ಬದಲಾಯಿಸುವುದಿಲ್ಲವಲ್ಲ ಎಂದು ನಾನು ಅವಳನ್ನು ಒಳಗೆ ಕರೆದು ಕೇಳಿದೆ. ಅವಳಿಗೆ ಈಗ ಆರು ದಾಟಿದೆ. ಇಷ್ಟೂ ತಿಳಿಯದೇ ಎಂಬಂತೆ ನನ್ನನ್ನು ನೋಡಿ, "ದೊಡ್ಡಜ್ಜಿ ಎರಡು ಸಲ ಕೇಳಿದ್ರೆ ಮರ್ತು ಕೇಳೋದು ತಾತ, ನೀನು ಎರಡು ಸಲ ಕೇಳಿದ್ರೆ ಪರೀಕ್ಷೆ" ಎಂದು ಹೇಳಿ ಅಂಗಳಕ್ಕೆ ಓಡಿದಳು.